ಒಬ್ಬ ಜನರಲ್, ಎರಡು ಸೇನೆ: ರಾಡ್ಕೊ ಡಿಮಿಟ್ರಿಯೆವ್ ದೇಶದ್ರೋಹಿಯೇ?

ಪ್ರಶ್ನೆ: ಮೊದಲನೆಯ ಬಾಲ್ಕನ್ ಯುದ್ಧದ ಬಗ್ಗೆ ಓದುವಾಗ, 1912ರಲ್ಲಿ ತುರ್ಕಿಯ ಸೇನೆಯನ್ನು ಸೋಲಿಸಿದ ಬಲ್ಗೇರಿಯದ ಜನರಲ್ ರಾಡ್ಕೊ ಡಿಮಿಟ್ರಿಯೆವ್ ಎಂಬ ಹೆಸರು ಸಿಕ್ಕಿತು. ಮೊದಲನೆಯ ಮಹಾಯುದ್ಧದ ಕುರಿತ ಇನ್ನೊಂದು ಪುಸ್ತಕದಲ್ಲಿ ಅದೇ ಹೆಸರಿನವನು ರಷ್ಯಾದ ಮೂರನೆಯ ಸೇನೆಯ ಅಧಿಪತಿಯಾಗಿದ್ದಾನೆ. ಆ ಯುದ್ಧದಲ್ಲಿ ಬಲ್ಗೇರಿಯ ರಷ್ಯಾದ ಶತ್ರುಪಕ್ಷದಲ್ಲಿತ್ತಲ್ಲವೇ? ಇಬ್ಬರೂ ಒಬ್ಬನೇ ಆಗಿದ್ದರೆ ಅದು ತಾಯ್ನಾಡಿಗೆ ಬಗೆದ ದ್ರೋಹವಾಗಲಿಲ್ಲವೇ? ಸೇನಾನಿಯಾಗಿ ಆತ ನಿಜಕ್ಕೂ ಸಮರ್ಥನೇ?

ಉತ್ತರ: ಹೌದು, ಇಬ್ಬರೂ ಒಬ್ಬನೇ. 1912ರಲ್ಲಿ ಬಲ್ಗೇರಿಯದ ಮೂರನೆಯ ಸೇನೆಯನ್ನು ನಡೆಸಿ ಗೆದ್ದವನೂ, 1915ರಲ್ಲಿ ರಷ್ಯಾದ ಮೂರನೆಯ ಸೇನೆಯನ್ನು ನಡೆಸಿ ಸೋತವನೂ ಒಬ್ಬನೇ ಎಂಬುದು ಕಾಕತಾಳೀಯವಾದರೂ ನಿಜ. ದ್ರೋಹದ ಪ್ರಶ್ನೆಯನ್ನು ನೀವು 1914ರ ಸುತ್ತ ಕೇಳಿದ್ದೀರಿ. ಆ ವರ್ಷದ ನಿರ್ಧಾರವನ್ನು ಸಮರ್ಥಿಸುವುದು ಅಷ್ಟೇನೂ ಕಷ್ಟವಲ್ಲ ಎಂಬುದು ನನ್ನ ಅಭಿಪ್ರಾಯ. ಡಿಮಿಟ್ರಿಯೆವ್‌ನ ಪರ ವಕಾಲತ್ತು ಮಾಡುವವರು ನಿಜವಾಗಿ ತಡವರಿಸಬೇಕಾದದ್ದು ಅದಕ್ಕಿಂತ ಇಪ್ಪತ್ತೆಂಟು ವರ್ಷ ಹಿಂದಿನ, 1886ರ ಆಗಸ್ಟ್ ತಿಂಗಳ ಒಂದು ರಾತ್ರಿಯ ವಿಷಯದಲ್ಲಿ. ಆದ್ದರಿಂದ ಉತ್ತರವನ್ನು ಆತನ ಬಾಲ್ಯದಿಂದಲೇ ಆರಂಭಿಸುತ್ತೇನೆ. ಇಲ್ಲಿ ಕೊಟ್ಟಿರುವ ತಾರೀಖುಗಳೆಲ್ಲ ಈಗಿನ ಕ್ಯಾಲೆಂಡರಿನವು. ಆಗ ಬಲ್ಗೇರಿಯದಲ್ಲಿಯೂ ರಷ್ಯಾದಲ್ಲಿಯೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಕೆಯಲ್ಲಿದ್ದುದರಿಂದ ಬೇರೆ ಪುಸ್ತಕಗಳಲ್ಲಿ ಹನ್ನೆರಡು ಹದಿಮೂರು ದಿನಗಳ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ.

ಡಿಮಿಟ್ರಿಯೆವ್ ಹುಟ್ಟಿದ್ದು 1859ರಲ್ಲಿ, ಬಾಲ್ಕನ್ ಪರ್ವತಶ್ರೇಣಿಯ ತಪ್ಪಲಿನ ಕೊಟೆಲ್ ಪಟ್ಟಣದ ಹತ್ತಿರದ ಗ್ರಾಡೆಟ್ಸ್ ಎಂಬ ಹಳ್ಳಿಯಲ್ಲಿ. ಆಗ ಬಲ್ಗೇರಿಯ ಎಂಬ ರಾಜ್ಯವೇ ಇರಲಿಲ್ಲ. ಆ ಸೀಮೆಯೆಲ್ಲ ಒಟ್ಟೊಮನ್ ಸುಲ್ತಾನನ ಆಳ್ವಿಕೆಯಲ್ಲಿತ್ತು. ಹುಡುಗ ಓದಿದ್ದು ಗಾಬ್ರೊವೊ ಊರಿನ ಶಾಲೆಯಲ್ಲಿ. 1876ರ ಏಪ್ರಿಲ್ ದಂಗೆಯನ್ನು ತುರ್ಕರು ರಕ್ತದಲ್ಲಿ ಅದ್ದಿದಾಗ ಆತನಿಗೆ ಹದಿನಾರು ವರ್ಷ. ರಷ್ಯಾದ ಸೇನೆ ಡ್ಯಾನ್ಯೂಬ್ ನದಿ ದಾಟಿ ಬಂದು ಶಿಪ್ಕಾ ಕಣಿವೆಯಲ್ಲೂ ಪ್ಲೆವೆನ್ ಕೋಟೆಯ ಮುಂದೆಯೂ ಸಾವಿರಾರು ಸೈನಿಕರನ್ನು ಕಳೆದುಕೊಂಡು, 1878ರಲ್ಲಿ ಬಲ್ಗೇರಿಯಕ್ಕೆ ಬಿಡುಗಡೆ ದೊರಕಿಸಿದಾಗ ಹದಿನೆಂಟು ದಾಟಿತ್ತು. ಆ ವಯಸ್ಸಿನಲ್ಲಿ ಕಣ್ಣಾರೆ ಕಂಡದ್ದು ಮನಸ್ಸಿನಿಂದ ಮಾಸುವಂಥದ್ದಲ್ಲ. ರಷ್ಯಾ ಎಂದರೆ ಆ ತಲೆಮಾರಿನ ಬಹಳಷ್ಟು ಬಲ್ಗೇರಿಯನ್ನರಿಗೆ ನೆರೆಯ ಸಾಮ್ರಾಜ್ಯವಾಗಿರದೆ ತಮ್ಮನ್ನು ಬಿಡಿಸಿದ ಮನೆಯ ಹಿರಿಯನ ಹಾಗಿತ್ತು. ಆ ಭಾವನೆ ಅನೇಕರಲ್ಲಿ ಕಾಲಕ್ರಮದಲ್ಲಿ ಕರಗಿತು. ಡಿಮಿಟ್ರಿಯೆವ್‌ನಲ್ಲಿ ಕೊನೆಯವರೆಗೂ ಕರಗಲಿಲ್ಲ.

ಹೊಸ ಸಂಸ್ಥಾನಕ್ಕೆ ಸ್ವಂತ ಸೇನಾಧಿಕಾರಿಗಳಿರಲಿಲ್ಲ. ಸೋಫಿಯಾದಲ್ಲಿ ಸೈನಿಕ ಶಾಲೆ ತೆರೆದು, 1879ರಲ್ಲಿ ಮೊದಲ ತಂಡ ಹೊರಬಂದಾಗ ಅದರಲ್ಲಿ ಡಿಮಿಟ್ರಿಯೆವ್ ಇದ್ದ. ಅಲ್ಲಿಂದ ಆತನನ್ನು ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯೆವ್ ಜನರಲ್ ಸ್ಟಾಫ್ ಅಕಾಡೆಮಿಗೆ ಕಳುಹಿಸಿದರು; 1884ರಲ್ಲಿ ಓದು ಮುಗಿಯಿತು. ಆ ಕಾಲದ ಬಲ್ಗೇರಿಯ ಸೇನೆಯಲ್ಲಿ ಯುದ್ಧಮಂತ್ರಿಯಿಂದ ಹಿಡಿದು ಮೇಲ್ದರ್ಜೆಯ ಅಧಿಕಾರಿಗಳೆಲ್ಲರೂ ರಷ್ಯನ್ನರೇ. ಸ್ಥಳೀಯರು ಕ್ಯಾಪ್ಟನ್ ದರ್ಜೆ ದಾಟುವುದೇ ಅಪರೂಪವಾಗಿತ್ತು.

1885ರ ಸೆಪ್ಟೆಂಬರಿನಲ್ಲಿ ಈ ಏರ್ಪಾಡು ಕುಸಿಯಿತು. ಬರ್ಲಿನ್ ಒಪ್ಪಂದದಂತೆ ಸುಲ್ತಾನನ ಅಧೀನದಲ್ಲೇ ಉಳಿದಿದ್ದ ಪೂರ್ವ ರುಮೇಲಿಯ ಪ್ರಾಂತ್ಯವು ಬಲ್ಗೇರಿಯದೊಡನೆ ಒಂದಾದುದಾಗಿ ಘೋಷಿಸಿತು. ಸಂಸ್ಥಾನದ ದೊರೆ ಅಲೆಕ್ಸಾಂಡರ್ ಬ್ಯಾಟನ್‌ಬರ್ಗ್ ಅದನ್ನು ಒಪ್ಪಿಕೊಂಡ. ತನ್ನನ್ನು ಕೇಳದೆ ನಡೆದ ಈ ಏಕೀಕರಣದಿಂದ ಕೆರಳಿದ ರಷ್ಯಾದ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರ್ ತನ್ನ ಅಧಿಕಾರಿಗಳನ್ನೆಲ್ಲ ಒಂದೇ ಏಟಿಗೆ ವಾಪಸ್ ಕರೆಸಿಕೊಂಡ. ಆ ನವೆಂಬರಿನಲ್ಲಿ ಸರ್ಬಿಯ ದಾಳಿಯಿಟ್ಟಾಗ, ತುರ್ಕಿಯ ಗಡಿಯಲ್ಲಿದ್ದ ಪಡೆಗಳನ್ನು ದೇಶದ ಇನ್ನೊಂದು ತುದಿಗೆ ಹಗಲಿರುಳು ನಡೆಸಿಕೊಂಡು ಬಂದು, ಸ್ಲಿವ್ನಿತ್ಸಾದಲ್ಲಿ ಮೂರು ದಿನ ಕಾದಾಡಿ ಗೆದ್ದವರು ಮೂವತ್ತರ ಆಸುಪಾಸಿನ ಕ್ಯಾಪ್ಟನ್ನರು. ಜನರಲ್‌ಗಳ ಮೇಲೆ ಕ್ಯಾಪ್ಟನ್ನರು ಪಡೆದ ಜಯ ಎಂದೇ ಅದು ಬಲ್ಗೇರಿಯದಲ್ಲಿ ಹೆಸರಾಗಿದೆ. ಆ ಕ್ಯಾಪ್ಟನ್ನರಲ್ಲಿ ಡಿಮಿಟ್ರಿಯೆವ್ ಕೂಡ ಒಬ್ಬ.

ಮುಂದಿನ ವರ್ಷ, 1886ರ ಆಗಸ್ಟ್ 21ರ ನಸುಕಿನಲ್ಲಿ, ಅದೇ ದೊರೆಯನ್ನು ಹಾಸಿಗೆಯಿಂದ ಎಬ್ಬಿಸಿ ಪಿಸ್ತೂಲು ತೋರಿಸಿ ಪದತ್ಯಾಗದ ಕಾಗದಕ್ಕೆ ಸಹಿ ಹಾಕಿಸಿದ ಪಿತೂರಿಯಲ್ಲಿಯೂ ಡಿಮಿಟ್ರಿಯೆವ್ ಮುಂದಾಳುಗಳಲ್ಲೊಬ್ಬ. ಸೈನಿಕ ಶಾಲೆಯ ಮುಖ್ಯಸ್ಥ ಮೇಜರ್ ಗ್ರುಯೆವ್, ಕ್ಯಾಪ್ಟನ್ ಬೆಂಡೆರೆವ್ ಮತ್ತು ಡಿಮಿಟ್ರಿಯೆವ್ ಈ ಮೂವರು ಸೂತ್ರಧಾರರು. ಅರಮನೆಯನ್ನು ಸುತ್ತುವರಿದವರಲ್ಲಿ ಶಾಲೆಯ ಎಳೆಯ ಕೆಡೆಟ್‌ಗಳೂ ಸೇರಿದ್ದರು. ದೊರೆಯನ್ನು ಹಡಗಿನಲ್ಲಿ ಡ್ಯಾನ್ಯೂಬ್ ನದಿಯ ಮೂಲಕ ರಷ್ಯಾದ ರೇನಿ ಬಂದರಿಗೆ ಸಾಗಿಸಿ ಕೈತೊಳೆದುಕೊಂಡರು. ರಷ್ಯಾದ ಮುನಿಸು ಮುಂದುವರಿದರೆ ದೇಶ ಉಳಿಯದು, ಮುನಿಸಿಗೆ ಕಾರಣನಾದ ದೊರೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ತರ್ಕ. ಆದರೆ ದೇಶ ಅವರ ಹಿಂದೆ ನಿಲ್ಲಲಿಲ್ಲ. ಸ್ಟೆಫಾನ್ ಸ್ಟಾಂಬೊಲೊವ್‌ನ ಮುಂದಾಳುತನದಲ್ಲಿ ಕೆಲವೇ ದಿನಗಳಲ್ಲಿ ಪ್ರತಿಕ್ರಾಂತಿ ನಡೆದು ದೊರೆ ಮರಳಿ ಬಂದ. ಚಕ್ರವರ್ತಿ ಮಾತ್ರ ಆತನನ್ನು ಒಪ್ಪಲು ನಿರಾಕರಿಸಿದ್ದರಿಂದ ಸೆಪ್ಟೆಂಬರ್ ಆರಂಭದಲ್ಲಿ ತಾನಾಗಿಯೇ ಸಿಂಹಾಸನ ಬಿಟ್ಟು ಹೊರಟುಹೋದ. ಪಿತೂರಿಗಾರರು ಅಷ್ಟರಲ್ಲಿ ಗಡಿ ದಾಟಿದ್ದರು.

ನಿಷ್ಠೆಯ ಪ್ರಶ್ನೆಯನ್ನು ಇಲ್ಲಿ ನಿಷ್ಠುರವಾಗಿ ಕೇಳಬೇಕೆನ್ನುವುದಕ್ಕೆ ಕಾರಣವಿದೆ. ಡಿಮಿಟ್ರಿಯೆವ್ ಆಗ ಬಲ್ಗೇರಿಯದ ಸೇವೆಯಲ್ಲಿದ್ದ ಅಧಿಕಾರಿ, ದೊರೆಗೆ ಪ್ರಮಾಣ ಮಾಡಿದವನು. ಯುದ್ಧವೊಂದನ್ನು ಗೆದ್ದು ವರ್ಷವೂ ಆಗದ ದೊರೆಯನ್ನು ಇನ್ನೊಂದು ಸಾಮ್ರಾಜ್ಯದ ಇಷ್ಟಕ್ಕೆ ತಕ್ಕಂತೆ ಕಿತ್ತುಹಾಕುವುದು ಯಾವ ಸೈನಿಕ ನೀತಿಗೂ ಒಪ್ಪುವ ಕೆಲಸವಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಕೊಟೆಲ್ ಸೀಮೆ ಇದ್ದದ್ದು ಪೂರ್ವ ರುಮೇಲಿಯದಲ್ಲಿ. ಎಂದರೆ, ರಷ್ಯಾ ವಿರೋಧಿಸಿದ ಏಕೀಕರಣದಿಂದಲೇ ಡಿಮಿಟ್ರಿಯೆವ್ ಹುಟ್ಟಿದ ಹಳ್ಳಿ ಬಲ್ಗೇರಿಯಕ್ಕೆ ಸೇರಿದ್ದು. ಹಾಗಿದ್ದೂ ಆತ ರಷ್ಯಾದ ಪಕ್ಷವನ್ನೇ ಹಿಡಿದ. ಇದರಲ್ಲಿ ಸ್ವಾರ್ಥವನ್ನು ಹುಡುಕಿದರೆ ಸಿಗುವುದು ಕಡಿಮೆ. ಹಠ ಮಾತ್ರ ಧಾರಾಳವಾಗಿ ಸಿಗುತ್ತದೆ. ದೇಶಭ್ರಷ್ಟರಾದ ಅಧಿಕಾರಿಗಳು ರುಮೇನಿಯದಲ್ಲಿ ಕುಳಿತು ಮತ್ತೆ ದಂಗೆಗೆ ಹವಣಿಸಿದರು. 1887ರಲ್ಲಿ ಸಿಲಿಸ್ಟ್ರಾ ಮತ್ತು ರೂಸೆ ಪಟ್ಟಣಗಳಲ್ಲಿ ದಂಗೆ ಎದ್ದದ್ದೂ ಉಂಟು, ಅದನ್ನು ಸರ್ಕಾರ ಹತ್ತಿಕ್ಕಿದ್ದೂ ಉಂಟು. ರೂಸೆಯಲ್ಲಿ ಸೆರೆಸಿಕ್ಕ ಅಧಿಕಾರಿಗಳನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ಸ್ಲಿವ್ನಿತ್ಸಾ ಯುದ್ಧದ ವೀರರೆನಿಸಿಕೊಂಡವರೂ ಇದ್ದರು. ಗಡಿಯಾಚೆ ಇದ್ದ ಡಿಮಿಟ್ರಿಯೆವ್ ಉಳಿದುಕೊಂಡ.

ನಂತರದ ಸುಮಾರು ಹತ್ತು ವರ್ಷ ಆತ ರಷ್ಯಾದ ಸೇನೆಯಲ್ಲಿ, ಕಾಕಸಸ್ ಸೀಮೆಯಲ್ಲಿ ಅಧಿಕಾರಿಯಾಗಿದ್ದ. 1914ರಲ್ಲಿ ಆತ ರಷ್ಯಾದ ಸಮವಸ್ತ್ರ ತೊಟ್ಟದ್ದು ಮೊದಲ ಸಲವೇನಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಲ್ಗೇರಿಯದ ಹೊಸ ದೊರೆ ಫರ್ಡಿನಾಂಡ್ ತನ್ನ ಮಗ ಬೋರಿಸ್‌ನನ್ನು 1896ರಲ್ಲಿ ಆರ್ಥೊಡಾಕ್ಸ್ ಮತಕ್ಕೆ ಸೇರಿಸಿ ರಷ್ಯಾದೊಡನೆ ರಾಜಿಯಾದ ಮೇಲೆ ದೇಶಭ್ರಷ್ಟ ಅಧಿಕಾರಿಗಳಿಗೆ ಬಾಗಿಲು ತೆರೆಯಿತು. 1898ರಲ್ಲಿ ಡಿಮಿಟ್ರಿಯೆವ್ ಮರಳಿದ. ಆತನ ಜೊತೆಗಾರ ಬೆಂಡೆರೆವ್ ಮರಳಲಿಲ್ಲ. ರಷ್ಯಾದಲ್ಲೇ ಉಳಿದು ಅಲ್ಲಿಯೇ ಜನರಲ್ ಆದ. ಮರಳಿದವನನ್ನು ಸೇನೆ ಸಂಶಯದಿಂದ ನೋಡಿತೆಂದು ನೀವು ಊಹಿಸಬಹುದು. ಆದರೆ ಆರು ವರ್ಷಗಳಲ್ಲಿ, 1904ರಲ್ಲಿ, ಆತ ಜನರಲ್ ಸ್ಟಾಫಿನ ಮುಖ್ಯಸ್ಥನಾಗಿ 1907ರವರೆಗೆ ಆ ಸ್ಥಾನದಲ್ಲಿದ್ದ. ಬಲ್ಗೇರಿಯವು ತುರ್ಕಿಯ ವಿರುದ್ಧ ಯುದ್ಧಕ್ಕೆ ಸಜ್ಜಾಗುತ್ತಿದ್ದ ವರ್ಷಗಳವು.

ಆ ಯುದ್ಧ ಬಂದದ್ದು 1912ರ ಅಕ್ಟೋಬರಿನಲ್ಲಿ. ಬಲ್ಗೇರಿಯ, ಸರ್ಬಿಯ, ಗ್ರೀಸ್, ಮಾಂಟೆನೆಗ್ರೊ ಒಂದಾಗಿ ಒಟ್ಟೊಮನ್ ಸಾಮ್ರಾಜ್ಯದ ಮೇಲೆ ಬಿದ್ದವು. ಥ್ರೇಸ್ ರಂಗದಲ್ಲಿ ಬಲ್ಗೇರಿಯದ್ದು ಮೂರು ಸೇನೆಗಳು: ಕುಟಿಂಚೆವ್‌ನ ಮೊದಲನೆಯದು, ನಿಕೊಲಾ ಇವಾನೊವ್‌ನ ಎರಡನೆಯದು, ಡಿಮಿಟ್ರಿಯೆವ್‌ನ ಮೂರನೆಯದು. ಎರಡನೆಯ ಸೇನೆ ಎಡಿರ್ನೆಯ ಕೋಟೆಯನ್ನು ತಡೆದು ನಿಲ್ಲಿಸಬೇಕು. ಎಡಗಡೆಯಲ್ಲಿ ಶತ್ರುವಿನ ಕಣ್ಣಿಗೆ ಬೀಳದಂತೆ ಅಶ್ವದಳದ ಮರೆಯಲ್ಲಿ ಜಮಾಯಿಸಿದ ಮೂರನೆಯ ಸೇನೆ, ಮೊದಲನೆಯದರ ಜೊತೆಗೂಡಿ ಲೊಜೆನ್‌ಗ್ರಾಡ್ ಪಟ್ಟಣದ ಮೇಲೆ ಹಠಾತ್ತನೆ ಎರಗಬೇಕು. ಹೀಗಿತ್ತು ಸ್ಟಾಫ್ ಮುಖ್ಯಸ್ಥ ಇವಾನ್ ಫಿಚೆವ್‌ನ ಯೋಜನೆ. ಲೊಜೆನ್‌ಗ್ರಾಡ್ ಎಂದರೆ ತುರ್ಕರ ಕಿರ್ಕ್ ಕಿಲಿಸೆ, ಇಂದಿನ ಕಿರ್ಕ್‌ಲಾರೆಲಿ. ಯೋಜನೆ ಫಿಚೆವ್‌ನದ್ದಾದರೂ ಅದಕ್ಕೆ ಬೇಕಾದ ವೇಗ ಡಿಮಿಟ್ರಿಯೆವ್‌ನದು. ದಾರಿಯೇ ಇಲ್ಲದ ಗುಡ್ಡಗಾಡಿನಲ್ಲಿ, ಸುರಿಯುವ ಮಳೆಯಲ್ಲಿ ಪಡೆಗಳನ್ನು ನಡೆಸಿಕೊಂಡು ಬಂದ ಆತ, ಕೋಟೆಯಿಂದ ಹೊರಬಂದು ಎದುರಾದ ತುರ್ಕಿ ದಳಗಳಿಗೆ ಅಕ್ಟೋಬರ್ 22 ಮತ್ತು 23ರಂದು ಮುಖಾಮುಖಿಯಾದ. ಆ ಎರಡನೆಯ ರಾತ್ರಿಯ ಕತ್ತಲು ಮತ್ತು ಮಳೆಯಲ್ಲಿ ತುರ್ಕಿಯ ಸೈನಿಕರಲ್ಲಿ ದಿಗಿಲು ಹಬ್ಬಿ, ತೋಪುಗಳನ್ನು ಕೆಸರಿನಲ್ಲೇ ಬಿಟ್ಟು ಓಡಿದರು. 24ರ ಬೆಳಗ್ಗೆ ಬಲ್ಗೇರಿಯದ ಪಡೆಗಳು ಪಟ್ಟಣದೊಳಗೆ ಹೆಚ್ಚುಕಡಿಮೆ ನಡೆದುಕೊಂಡೇ ಹೋದವು. ಗಿಡ್ಡ ಆಳಾದ ಡಿಮಿಟ್ರಿಯೆವ್‌ನನ್ನು ಸೈನಿಕರು ಅಕ್ಕರೆಯಿಂದ ಪುಟ್ಟ ನೆಪೋಲಿಯನ್ ಎಂದು ಕರೆಯುತ್ತಿದ್ದರು. ಆ ವಾರ ಯುರೋಪಿನ ಪತ್ರಿಕೆಗಳಿಗೂ ಆ ಹೋಲಿಕೆ ಅತಿಯೆನಿಸಿರಲಾರದು.

ಆದರೆ ಆತನ ಬಲವೂ ಕೊರತೆಯೂ ಒಟ್ಟಿಗೆ ಕಾಣತೊಡಗುವುದು ಇಲ್ಲಿಂದಲೇ. ಓಡುತ್ತಿದ್ದ ಶತ್ರುವನ್ನು ಬಲ್ಗೇರಿಯನ್ನರು ಬೆನ್ನಟ್ಟಲಿಲ್ಲ. ಬಳಲಿದ ಪಡೆಗಳಿಗೆ ಬಿಡುವು ಕೊಟ್ಟರು. ಆ ಸಂದಿನಲ್ಲಿ ತುರ್ಕಿಯ ಅಬ್ದುಲ್ಲಾ ಪಾಷಾ ಲುಲೆ ಬುರ್ಗಾಸ್‌ನಿಂದ ಬುನಾರ್ ಹಿಸಾರ್‌ವರೆಗಿನ ಸಾಲಿನಲ್ಲಿ ಮತ್ತೆ ಸೇನೆ ನಿಲ್ಲಿಸಿದ. ಅಕ್ಟೋಬರ್ 28ರಂದು ಡಿಮಿಟ್ರಿಯೆವ್, ಮೊದಲನೆಯ ಸೇನೆ ಬಂದು ಕೂಡಿಕೊಳ್ಳುವವರೆಗೂ ಕಾಯದೆ, ತನ್ನ ಸೇನೆಯನ್ನು ಒಂಟಿಯಾಗಿ ಆ ಸಾಲಿನ ಮೇಲೆ ಬಿಟ್ಟ. ಎಡಗಡೆ ಬುನಾರ್ ಹಿಸಾರ್‌ನಲ್ಲಿ ಮಹಮೂದ್ ಮುಖ್ತಾರ್ ಪಾಷಾ ತಾನೇ ಎದುರುದಾಳಿ ನಡೆಸಿದ್ದರಿಂದ ಒಂದೆರಡು ದಿನ ಬಲ್ಗೇರಿಯದ ಪರಿಸ್ಥಿತಿ ನಾಜೂಕಾಗಿತ್ತು. ಮೊದಲನೆಯ ಸೇನೆ ಬಂದು ತಲುಪಿದ ಮೇಲೆ ತಕ್ಕಡಿ ವಾಲಿತು. ನವೆಂಬರ್ 2ರ ಹೊತ್ತಿಗೆ ತುರ್ಕಿಯ ಸೇನೆ ಪೂರ್ತಿ ಹಿಂಜರಿಯಿತು. 1871ರಲ್ಲಿ ಮುಗಿದ ಫ್ರಾನ್ಸ್–ಪ್ರಷ್ಯಾ ಯುದ್ಧಕ್ಕೂ 1914ಕ್ಕೂ ನಡುವೆ ಯುರೋಪಿನಲ್ಲಿ ನಡೆದ ಅತಿ ದೊಡ್ಡ ಕದನ ಇದೇ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಬಲ್ಗೇರಿಯದ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 20 ಸಾವಿರ. ಅಷ್ಟು ಚಿಕ್ಕ ದೇಶಕ್ಕೆ ಇದು ದುಬಾರಿಯ ಗೆಲುವು. ಕುಟಿಂಚೆವ್‌ನಿಗಾಗಿ ಒಂದು ದಿನ ಕಾದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಕಾದಿದ್ದರೆ ತುರ್ಕರು ಇನ್ನಷ್ಟು ಕಂದಕ ತೋಡಿಕೊಳ್ಳುತ್ತಿದ್ದರು ಎಂಬ ಉತ್ತರವೂ ಪೊಳ್ಳಲ್ಲ.

ಚತಾಲ್ಜಾದ ಕಥೆಯಲ್ಲಿ ಮಾತ್ರ ಹೀಗೆ ಎರಡೂ ಕಡೆ ತೂಗಿ ನೋಡುವ ಅಗತ್ಯವಿಲ್ಲ. ಇಸ್ತಾಂಬುಲ್ ನಗರಕ್ಕೆ ಪಶ್ಚಿಮದಲ್ಲಿ, ಕಪ್ಪು ಸಮುದ್ರದಿಂದ ಮರ್ಮರ ಸಮುದ್ರದವರೆಗೆ ಹಬ್ಬಿದ ರಕ್ಷಣಾ ಸಾಲು ಅದು. ಎರಡು ತುದಿಗಳಲ್ಲೂ ತುರ್ಕಿಯ ಯುದ್ಧನೌಕೆಗಳ ತೋಪುಗಳ ಕಾವಲು. ಎದುರಿಗೆ ಬಂದು ನಿಂತ ಬಲ್ಗೇರಿಯದ ಮೊದಲನೆಯ ಮತ್ತು ಮೂರನೆಯ ಸೇನೆಗಳೆರಡೂ ಆಗ ಡಿಮಿಟ್ರಿಯೆವ್‌ನ ಕೈಯಲ್ಲಿದ್ದವು. ರೈಲುಮಾರ್ಗ ಹಾದುಹೋಗುವ ಎಡಿರ್ನೆ ಇನ್ನೂ ತುರ್ಕರ ಬಳಿಯೇ ಇದ್ದುದರಿಂದ ಗುಂಡು, ರೊಟ್ಟಿ, ಔಷಧಿ ಎಲ್ಲವೂ ಎತ್ತಿನ ಗಾಡಿಗಳಲ್ಲಿ ಕೆಸರು ತುಳಿದು ಬರಬೇಕಿತ್ತು. ಸಾಲದೆಂಬಂತೆ ಕಾಲರಾ ಬೇರೆ ಹಬ್ಬಿ ಸಾವಿರಾರು ಸೈನಿಕರು ಮಲಗಿದ್ದರು. ತುರ್ಕಿಯ ಸೇನಾಧಿಪತಿ ನಜೀಂ ಪಾಷಾ ಕದನವಿರಾಮದ ಪ್ರಸ್ತಾಪವನ್ನು ಆಗಲೇ ಕಳುಹಿಸಿಯೂ ಇದ್ದ. ಫರ್ಡಿನಾಂಡ್ ಅದನ್ನು ತನ್ನ ಮಂತ್ರಿಗಳಿಗೆ ತಿಳಿಸದೆ ಮುಚ್ಚಿಟ್ಟ. ಬೈಜಾಂಟೈನ್ ಚಕ್ರವರ್ತಿಗಳ ನಗರಕ್ಕೆ ವಿಜಯಿಯಾಗಿ ಪ್ರವೇಶಿಸುವ ಆಸೆ ಆತನನ್ನು ಹಿಡಿದಿತ್ತು. ಫಿಚೆವ್ ದಾಳಿ ಬೇಡವೆಂದ. ರಂಗದಲ್ಲಿದ್ದ ಡಿಮಿಟ್ರಿಯೆವ್ ಬೇಡ ಎಂದಿದ್ದರೆ ದಾಳಿ ನಿಲ್ಲುವ ಸಾಧ್ಯತೆ ಇತ್ತು. ಆದರೆ ಆತ ಆಗಬಹುದು ಎಂದ.

ನವೆಂಬರ್ 17ರ ಬೆಳಗ್ಗೆ ಮಂಜಿನ ನಡುವೆ ಬಲ್ಗೇರಿಯದ ಕಾಲಾಳುಗಳು ಮುಂದೆ ನಡೆದರು. ಮಂಜು ಸರಿದಾಗ ಅವರು ಕಂಡದ್ದು ತೆರೆದ ಬಯಲು ಮತ್ತು ಮೇಲಿನ ದಿಬ್ಬಗಳ ಮೇಲೆ ಬಾಯಿತೆರೆದು ಕಾದಿದ್ದ ತೋಪುಗಳು. ರಾತ್ರಿ ಒಂದು ತುಕಡಿ ತುರ್ಕಿಯ ಮುಂಚೂಣಿಯ ಚಿಕ್ಕ ಕೋಟೆಯೊಂದನ್ನು ನುಗ್ಗಿ ಹಿಡಿಯಿತಾದರೂ ಬೆಂಬಲಕ್ಕೆ ಯಾರೂ ಬರದೆ ಬೆಳಗಾಗುವಷ್ಟರಲ್ಲಿ ಅದು ಕೈಬಿಟ್ಟಿತು. 18ರಂದು ಡಿಮಿಟ್ರಿಯೆವ್ ತಾನೇ ದಾಳಿಯನ್ನು ನಿಲ್ಲಿಸಿದ. ಎರಡು ದಿನದಲ್ಲಿ ಸುಮಾರು 12 ಸಾವಿರ ಮಂದಿ ಸತ್ತು, ಗಾಯಗೊಂಡು ಅಥವಾ ಕಾಣೆಯಾಗಿದ್ದರು. ಡಿಸೆಂಬರ್ 3ರಂದು ಸಹಿಯಾದ ಕದನವಿರಾಮಕ್ಕೆ ಈ ಸಾವುಗಳ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಇದರ ಹೆಚ್ಚಿನ ಪಾಲು ಫರ್ಡಿನಾಂಡ್‌ನ ಲೆಕ್ಕಕ್ಕೆ ಹೋಗಬೇಕು, ನಿಜ. ಆದರೆ ಎರಡನೆಯ ಪಾಲುದಾರ ಡಿಮಿಟ್ರಿಯೆವ್. ದಾಳಿ ಮಾಡಬಲ್ಲ ಸೇನಾನಿಗಿಂತ ದಾಳಿ ಬೇಡವೆನ್ನಬಲ್ಲ ಸೇನಾನಿ ಆ ವಾರ ಬಲ್ಗೇರಿಯಕ್ಕೆ ಬೇಕಾಗಿದ್ದ.

1913ರ ಎರಡನೆಯ ಬಾಲ್ಕನ್ ಯುದ್ಧದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೆದ್ದ ನೆಲದ ಹಂಚಿಕೆಗಾಗಿ ಬಲ್ಗೇರಿಯ ಜೂನ್ ಕೊನೆಯಲ್ಲಿ ತನ್ನ ಮಿತ್ರರ ಮೇಲೆಯೇ ಬಿದ್ದಿತು. ಆ ಆದೇಶ ಹೊರಡಿಸಿದ ಜನರಲ್ ಸಾವೊವ್‌ನನ್ನು ಕೆಲವೇ ದಿನಗಳಲ್ಲಿ ತೆಗೆದುಹಾಕಿ ಆತನ ಜಾಗದಲ್ಲಿ, ಎಂದರೆ ದೊರೆಯ ನಂತರದ ಸ್ಥಾನದಲ್ಲಿ, ಡಿಮಿಟ್ರಿಯೆವ್‌ನನ್ನು ಕೂರಿಸಿದರು. ರಷ್ಯಾಕ್ಕೆ ಬೇಕಾದವನೊಬ್ಬ ಮೇಲೆ ಕುಳಿತರೆ ಪೀಟರ್ಸ್‌ಬರ್ಗಿನ ಸಿಟ್ಟು ತಣಿದೀತೆಂಬ ಲೆಕ್ಕವೂ ಅದರ ಹಿಂದೆ ಇದ್ದಿರಬೇಕು. ಅಷ್ಟರಲ್ಲಿ ರುಮೇನಿಯ ಉತ್ತರದಿಂದ ನುಗ್ಗಿತು, ತುರ್ಕರು ಎಡಿರ್ನೆಯನ್ನು ಮರಳಿ ಹಿಡಿದರು. ಆಗಸ್ಟ್ 10ರ ಬುಕಾರೆಸ್ಟ್ ಒಪ್ಪಂದದಲ್ಲಿ ಬಲ್ಗೇರಿಯ ತಲೆಬಾಗಿತು. ಯುದ್ಧ ಮುಗಿದ ಬಳಿಕ ಡಿಮಿಟ್ರಿಯೆವ್‌ನನ್ನು ರಾಯಭಾರಿಯನ್ನಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಕಳುಹಿಸಿದರು.

ಈಗ ನೀವು ಕೇಳಿದ 1914ಕ್ಕೆ ಬರೋಣ. ಆಗಸ್ಟಿನಲ್ಲಿ ಮಹಾಯುದ್ಧ ಸಿಡಿದಾಗ ಡಿಮಿಟ್ರಿಯೆವ್ ರಾಯಭಾರಿ ಹುದ್ದೆ ಬಿಟ್ಟು ರಷ್ಯಾದ ಸೇನೆ ಸೇರಿದ. ಇಲ್ಲಿ ತಾರೀಖುಗಳನ್ನು ಸರಿಯಾಗಿ ನೋಡಬೇಕು. 1914ರ ಆಗಸ್ಟಿನಲ್ಲಿ ಬಲ್ಗೇರಿಯ ತಟಸ್ಥ ರಾಷ್ಟ್ರ. ಅದು ಜರ್ಮನಿ ಮತ್ತು ಆಸ್ಟ್ರಿಯಾದ ಪಕ್ಷ ಸೇರಿ ಯುದ್ಧಕ್ಕಿಳಿದದ್ದು 1915ರ ಅಕ್ಟೋಬರಿನಲ್ಲಿ, ಹದಿನಾಲ್ಕು ತಿಂಗಳ ನಂತರ. ಹಾಗಾಗಿ ಡಿಮಿಟ್ರಿಯೆವ್ ಸೇರಿದ್ದು ಶತ್ರುವಿನ ಸೇನೆಯನ್ನಲ್ಲ. ಸೋಫಿಯಾದಲ್ಲಿ ಜರ್ಮನಿಯ ಕಡೆಗೆ ವಾಲಿದ್ದ ರಾಡೊಸ್ಲಾವೊವ್ ಸರ್ಕಾರಕ್ಕೆ ಇದು ಮುಜುಗರ ತಂದಿತು ಎಂಬುದು ಬೇರೆ ಮಾತು. ರಾಯಭಾರಿಯೊಬ್ಬ ತಾನು ನಿಯುಕ್ತನಾದ ದೇಶದ ಸೇನೆಗೇ ಸೇರಿಕೊಳ್ಳುವುದು ರಾಜತಾಂತ್ರಿಕ ಶಿಷ್ಟಾಚಾರಕ್ಕೆ ಸಲ್ಲುವ ನಡೆಯೂ ಅಲ್ಲ. ಆದರೆ ಶಿಷ್ಟಾಚಾರ ತಪ್ಪುವುದಕ್ಕೂ ದ್ರೋಹ ಬಗೆಯುವುದಕ್ಕೂ ಬಹಳ ಅಂತರವಿದೆ. 1915ರಲ್ಲಿ ಬಲ್ಗೇರಿಯ ಎದುರುಪಕ್ಷ ಸೇರಿದ ಮೇಲೂ ಆತ ರಷ್ಯಾದ ಸಮವಸ್ತ್ರ ಕಳಚಲಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಬಲವಿದೆ. ಆದರೂ ಆತ ಬಲ್ಗೇರಿಯನ್ನರ ಎದುರು ಯುದ್ಧಭೂಮಿಯಲ್ಲಿ ನಿಲ್ಲಲಿಲ್ಲ. 1916ರ ಸೆಪ್ಟೆಂಬರಿನಲ್ಲಿ ಡೊಬ್ರುಜಾ ಸೀಮೆಯ ಡೊಬ್ರಿಚ್‌ನಲ್ಲಿ ರಷ್ಯಾದ ಸೈನಿಕರೂ ಬಲ್ಗೇರಿಯದ ಸೈನಿಕರೂ ಪರಸ್ಪರ ಗುಂಡು ಹಾರಿಸಿದಾಗ, ಬಲ್ಗೇರಿಯದ ಕಡೆ ಇದ್ದದ್ದು ಜನರಲ್ ಟೋಶೆವ್‌ನ ಅಧೀನದಲ್ಲಿದ್ದ ಮೂರನೆಯ ಸೇನೆ. ಅದೇ ಸಂಖ್ಯೆಯ ಸೇನೆಯನ್ನು ನಾಲ್ಕು ವರ್ಷ ಹಿಂದೆ ನಡೆಸಿದ್ದ ಡಿಮಿಟ್ರಿಯೆವ್ ಆಗ ಬಾಲ್ಟಿಕ್ ಕಡಲಿನ ಸಮೀಪ, ರೀಗಾದಲ್ಲಿದ್ದ.

ರಷ್ಯಾದ ಸೇನೆಯಲ್ಲಿ ಆತನ ಏಳಿಗೆ ಬೇಗನೆ ಆಯಿತು. ಮೊದಲು ಜನರಲ್ ಬ್ರುಸಿಲೊವ್‌ನ ಕೈಕೆಳಗೆ ಎಂಟನೆಯ ಕೋರ್, ಎಂದರೆ ಹಲವು ಡಿವಿಷನ್‌ಗಳು ಸೇರಿದ ದಳ. ಸೆಪ್ಟೆಂಬರಿನಲ್ಲಿ ಜನರಲ್ ರೂಜ್‌ಸ್ಕಿಯಿಂದ ತೆರವಾದ ಮೂರನೆಯ ಸೇನೆಯ ಅಧಿಪತ್ಯ. ಈ ರೂಜ್‌ಸ್ಕಿಯ ಹೆಸರನ್ನು ನೆನಪಿನಲ್ಲಿಡಿ. ಆಸ್ಟ್ರಿಯಾದ ಗಲಿಷಿಯಾ ಪ್ರಾಂತ್ಯದಲ್ಲಿ ಶತ್ರುವನ್ನು ಹಿಮ್ಮೆಟ್ಟಿಸಿ ಪ್ಷೆಮಿಶ್ಲ್ ಕೋಟೆಯನ್ನು ಸುತ್ತುವರಿದಾಗ, ಶರಣಾಗುವಂತೆ ಡಿಮಿಟ್ರಿಯೆವ್ ಕಳುಹಿಸಿದ ಪತ್ರಕ್ಕೆ ಕೋಟೆಯ ಅಧಿಪತಿ ಕುಸ್ಮಾನೆಕ್ ಇಂಥ ಮಾತಿಗೆ ಉತ್ತರಿಸುವುದು ತನ್ನ ಘನತೆಗೆ ತಕ್ಕುದಲ್ಲವೆಂದು ಒಂದೇ ಸಾಲಿನಲ್ಲಿ ತಿಳಿಸಿದ. ಕೋಟೆ ಕೊನೆಗೆ ಹಸಿವಿನಿಂದ ಬಿದ್ದದ್ದು 1915ರ ಮಾರ್ಚಿನಲ್ಲಿ. ಅಷ್ಟರಲ್ಲಿ ಮುತ್ತಿಗೆಯ ಹೊಣೆ ಬೇರೆಯವರಿಗೆ ಹೋಗಿತ್ತು.

ಗೊರ್ಲಿತ್ಸೆ ಎಂಬ ಪುಟ್ಟ ಪಟ್ಟಣದ ಬಳಿ 1915ರ ಮೇ 2ರಂದು ಆದದ್ದೇ ಆತನ ರಷ್ಯಾದ ಬಾಳ್ವೆಯ ದೊಡ್ಡ ಕಳಂಕವೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಕಾರ್ಪೇಥಿಯನ್ ಪರ್ವತಗಳಲ್ಲಿ ಚಳಿಗಾಲವಿಡೀ ಕಾದಾಡಿ ಸವೆದಿದ್ದ ಮೂರನೆಯ ಸೇನೆ ಉದ್ದನೆಯ ರಂಗದಲ್ಲಿ ತೆಳ್ಳಗೆ ಹರಡಿಕೊಂಡಿತ್ತು. ಕಂದಕಗಳು ಆಳವಿರಲಿಲ್ಲ, ಎರಡನೆಯ ಸಾಲು ಹೆಸರಿಗಷ್ಟೇ ಇತ್ತು, ತೋಪುಗಳಿಗೆ ಗುಂಡುಗಳ ಬರ. ಎದುರಿಗೆ ಮಾಕೆನ್‌ಸೆನ್‌ನ ಜರ್ಮನ್ ಹನ್ನೊಂದನೆಯ ಸೇನೆ, ಆ ರಂಗದಲ್ಲಿ ಅಲ್ಲಿಯವರೆಗೆ ಯಾರೂ ಕಾಣದಷ್ಟು ಭಾರೀ ತೋಪುಗಳೊಡನೆ ಬಂದು ಕೂತಿತ್ತು. ಬೆಳಗ್ಗೆ ನಾಲ್ಕು ಗಂಟೆಗಳ ಕಾಲ ಆ ತೋಪುಗಳು ಗರ್ಜಿಸಿದ ಮೇಲೆ ಕಂದಕಗಳು ಎಲ್ಲಿದ್ದವೆಂದೇ ಗುರುತಿಸಲಾಗುತ್ತಿರಲಿಲ್ಲ. ಡಿಮಿಟ್ರಿಯೆವ್ ಹಿಂದಿನ ನದಿಯ ಸಾಲಿಗೆ ಸರಿಯಲು ಅನುಮತಿ ಕೇಳಿದ. ಮೇಲಿನವರು ಒಂದಂಗುಲ ನೆಲವನ್ನೂ ಬಿಡಬಾರದೆಂದರು. ಆತನೂ ತನ್ನ ಹಳೆಯ ಚಾಳಿಯಂತೆ, ಮೀಸಲಿಗೆ ಬಂದ ಮೂರನೆಯ ಕಾಕಸಸ್ ಕೋರ್‌ನಂಥ ಒಳ್ಳೆಯ ಪಡೆಗಳನ್ನು ಬಂದಬಂದಂತೆ ಎದುರುದಾಳಿಗೆ ದಬ್ಬಿ ಕರಗಿಸಿದ. ಡುಕ್ಲಾ ಕಣಿವೆಯ ಬಳಿ ಕೊರ್ನಿಲೊವ್‌ನ 48ನೆಯ ಡಿವಿಷನ್ ಸುತ್ತುವರಿಯಲ್ಪಟ್ಟು, ಮುಂದೆ 1917ರಲ್ಲಿ ಹೆಸರಾಗಲಿದ್ದ ಆ ಜನರಲ್ ಸೆರೆಸಿಕ್ಕಿದ. ಎರಡು ವಾರದೊಳಗೆ ಸೇನೆಯ ಅಳಿದುಳಿದ ಭಾಗ ಸಾನ್ ನದಿಯ ತನಕ ಹಿಂದೆ ಬಂದಿತ್ತು, ಲಕ್ಷಕ್ಕೂ ಹೆಚ್ಚು ಮಂದಿ ಸೆರೆಯಾಗಿದ್ದರು. ಜೂನ್ ಆರಂಭದಲ್ಲಿ ಆತನನ್ನು ತೆಗೆದು ಜನರಲ್ ಲೇಶ್‌ಗೆ ಅಧಿಪತ್ಯ ಕೊಟ್ಟರು. ಗುಂಡಿಲ್ಲದ, ಸಾಕಷ್ಟು ಮೀಸಲು ಪಡೆಯಿಲ್ಲದ, ಹಿಂದೆ ಸರಿಯುವ ಅಧಿಕಾರವಿಲ್ಲದ ಸೇನಾಪತಿಯ ತಲೆದಂಡ ಪಡೆಯುವುದು ಸುಲಭ. ಆ ಸ್ಥಾನದಲ್ಲಿ ಯಾರಿದ್ದರೂ ಸೋಲು ತಪ್ಪುತ್ತಿರಲಿಲ್ಲ. ಬೇರೊಬ್ಬ ಇದ್ದಿದ್ದರೆ ಇನ್ನಷ್ಟು ಜನ ಉಳಿದು ಹಿಂದೆ ಬರುತ್ತಿದ್ದರು ಎಂದಷ್ಟೇ ಹೇಳಬಹುದು.

1916ರಲ್ಲಿ ಆತನಿಗೆ ರೀಗಾ ರಂಗದ ಹನ್ನೆರಡನೆಯ ಸೇನೆ ಸಿಕ್ಕಿತು. ಅಲ್ಲಿ ನಡೆದ ಮಿಟೌ ಕಾರ್ಯಾಚರಣೆ ಗೊರ್ಲಿತ್ಸೆಯಷ್ಟು ಪ್ರಸಿದ್ಧವಲ್ಲದಿದ್ದರೂ ಡಿಮಿಟ್ರಿಯೆವ್‌ನ ಬುದ್ಧಿ ಹೇಗೆ ಓಡುತ್ತಿತ್ತೆಂದು ತಿಳಿಯಲು ಅದನ್ನೇ ನೋಡಬೇಕು. ಹೆಪ್ಪುಗಟ್ಟಿದ ಜೌಗಿನಲ್ಲಿ ಕಂದಕ ತೋಡಲಾಗದ ಜರ್ಮನರು ಮರದ ದಿಮ್ಮಿ ಮತ್ತು ಮರಳಿನಿಂದ ಎತ್ತರದ ಒಡ್ಡು ಕಟ್ಟಿಕೊಂಡಿದ್ದರು. 1917ರ ಜನವರಿ 5ರ ನಸುಕಿಗೆ, ಹಳೆಯ ಕ್ಯಾಲೆಂಡರಿನಲ್ಲಿ ಕ್ರಿಸ್‌ಮಸ್‌ಗೆ ಎರಡು ದಿನವಿರುವಾಗ, ಒಂದೇ ಒಂದು ತೋಪನ್ನೂ ಹಾರಿಸದೆ, ಬಿಳಿಯ ಮೇಲುಡುಪು ತೊಟ್ಟ ಲಾಟ್ವಿಯದ ರೈಫಲ್ ಪಡೆಯವರು ಹಿಮದಲ್ಲಿ ತೆವಳಿ ಹೋಗಿ ಮುಳ್ಳುತಂತಿಯನ್ನು ಕತ್ತರಿಯಿಂದ ಕತ್ತರಿಸಿ ಆ ಒಡ್ಡನ್ನು ಹತ್ತಿದರು. ವಾರಗಟ್ಟಲೆ ತೋಪು ಹಾರಿಸಿಯೇ ದಾಳಿ ಮಾಡಬೇಕೆಂದು ಎಲ್ಲ ಸೇನೆಗಳೂ ನಂಬಿದ್ದ ಕಾಲದಲ್ಲಿ ಇದು ದಿಟ್ಟ ಯೋಚನೆ. ರಂಗ ಸೀಳಿತು, ಕೆಲವು ಕಿಲೋಮೀಟರ್ ನೆಲ ಸಿಕ್ಕಿತು. ಆದರೆ ಮತ್ತೆ ಅದೇ ಗೋಳು: ಸೀಳಿದ ಜಾಗದಲ್ಲಿ ನುಗ್ಗಲು ಮೀಸಲು ಪಡೆ ಸಿದ್ಧವಿರಲಿಲ್ಲ, ಕೆಲವು ಸೈಬೀರಿಯನ್ ರೆಜಿಮೆಂಟುಗಳು ದಾಳಿಗೆ ಹೋಗುವುದಿಲ್ಲವೆಂದು ಕೂತವು. ಅದಕ್ಕಾಗಿ ಹಲವು ಸೈನಿಕರನ್ನು ಗುಂಡಿಕ್ಕಿ ಕೊಂದದ್ದೂ ಇದೇ ಸೇನೆಯ ಚರಿತ್ರೆಯಲ್ಲಿ ಸೇರಿದೆ. ಜನವರಿ ಕೊನೆಯಲ್ಲಿ ಜರ್ಮನರು ಎದುರುದಾಳಿ ನಡೆಸಿ ಬಹಳಷ್ಟು ನೆಲವನ್ನು ಹಿಂದಕ್ಕೆ ಪಡೆದರು.

ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ, 1917ರ ಬೇಸಿಗೆಯಲ್ಲಿ ಆತ ಅಧಿಪತ್ಯದಿಂದ ಇಳಿದು, ಹಿಂದೆ ಹತ್ತು ವರ್ಷ ನೌಕರಿ ಮಾಡಿದ್ದ ಕಾಕಸಸ್ ಕಡೆಗೇ ಹೋದ. ಅಲ್ಲಿನ ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಆಗ ನಿವೃತ್ತ ಜನರಲ್‌ಗಳೂ ಹಳೆಯ ಶ್ರೀಮಂತರೂ ಆಶ್ರಯ ಪಡೆದಿದ್ದರು. 1918ರಲ್ಲಿ ಆ ಸೀಮೆ ಬೊಲ್ಶೆವಿಕರ ಕೈಸೇರಿದಾಗ ಅವರಲ್ಲಿ ಅನೇಕರನ್ನು ಒತ್ತೆಯಾಳುಗಳನ್ನಾಗಿ ಹಿಡಿದರು. ಅಕ್ಟೋಬರಿನಲ್ಲಿ, ಕೆಂಪು ಸೇನೆಯದೇ ದಳಪತಿ ಸೊರೊಕಿನ್ ತನ್ನ ಪಕ್ಷದ ಮುಖಂಡರನ್ನೇ ಕೊಂದು ದಂಗೆಯೆದ್ದ ಗೊಂದಲದ ದಿನಗಳಲ್ಲಿ, ಪ್ಯಾಟಿಗೋರ್ಸ್ಕ್ ಊರಿನ ಮಾಷುಕ್ ಬೆಟ್ಟದ ಬುಡದ ಸ್ಮಶಾನಕ್ಕೆ ಒತ್ತೆಯಾಳುಗಳನ್ನು ರಾತ್ರಿ ನಡೆಸಿಕೊಂಡು ಹೋಗಿ, ಮದ್ದುಗುಂಡು ಖರ್ಚು ಮಾಡದೆ ಕತ್ತಿಗಳಿಂದ ಕಡಿದು ಕೊಂದರು. ಆ ಸಾಲಿನಲ್ಲಿ ಡಿಮಿಟ್ರಿಯೆವ್‌ನೂ ಇದ್ದ, ರೂಜ್‌ಸ್ಕಿಯೂ ಇದ್ದ. ಗಲಿಷಿಯಾದಲ್ಲಿ ಡಿಮಿಟ್ರಿಯೆವ್‌ಗೆ ಮೂರನೆಯ ಸೇನೆಯನ್ನು ಬಿಟ್ಟುಹೋದವನೂ, ಮಿಟೌ ಕದನದ ಹೊತ್ತಿಗೆ ಉತ್ತರ ರಂಗದ ಅಧಿಪತಿಯಾಗಿ ಆತನ ಮೇಲಧಿಕಾರಿಯಾಗಿದ್ದವನೂ, ಚಕ್ರವರ್ತಿ ನಿಕೊಲಾಸ್‌ನಿಂದ ಪದತ್ಯಾಗದ ಸಹಿ ಪಡೆಯುವಲ್ಲಿ ಮುಖ್ಯ ಪಾತ್ರ ವಹಿಸಿದವನೂ ಇವನೇ. ಆ ಇಬ್ಬರೂ, ಮೂವತ್ತು ವರ್ಷಗಳ ಅಂತರದಲ್ಲಿ, ಒಬ್ಬೊಬ್ಬ ದೊರೆಯನ್ನು ಇಳಿಸುವುದಕ್ಕೆ ಕೈಹಾಕಿದವರು ಎಂಬುದನ್ನು ಓದುಗರು ಗಮನಿಸದೆ ಇರಲಾರರು.

ದ್ರೋಹದ ಪ್ರಶ್ನೆಗೆ ನನ್ನ ಉತ್ತರ ಇದು: 1914ಕ್ಕೆ ಇಲ್ಲ, 1915ರ ನಂತರದ್ದಕ್ಕೆ ಅರ್ಧ ಮನಸ್ಸಿನ ಇಲ್ಲ, 1886ಕ್ಕೆ ಹೌದು. ಸೇನಾನಿಯಾಗಿ ಆತ ದಾಳಿಯಲ್ಲಿ ತನ್ನ ಕಾಲದ ಉತ್ತಮರ ಸಾಲಿಗೆ ಸೇರುತ್ತಾನೆ. ಗೆದ್ದ ಮೇಲೆ ಬೆನ್ನಟ್ಟುವುದರಲ್ಲಿಯೂ ಸೋಲುವಾಗ ಪಡೆಯನ್ನು ಉಳಿಸಿಕೊಳ್ಳುವುದರಲ್ಲಿಯೂ ಸಾಧಾರಣ. ಬಲ್ಗೇರಿಯದಲ್ಲಿ ಆತನನ್ನು ಇಂದು ನೆನೆಯುವುದು ಮುಖ್ಯವಾಗಿ ಲೊಜೆನ್‌ಗ್ರಾಡ್ ಮತ್ತು ಲುಲೆ ಬುರ್ಗಾಸ್‌ಗಳ ಕಾರಣದಿಂದ. ಶುಮೆನ್ ಪಟ್ಟಣದ ಸಮೀಪದ ಒಂದು ಹಳ್ಳಿಗೆ ರಾಡ್ಕೊ ಡಿಮಿಟ್ರಿಯೆವೊ ಎಂಬ ಹೆಸರಿದೆ. ಗೊರ್ಲಿತ್ಸೆಯ ಚರ್ಚೆಯನ್ನು ಬಲ್ಗೇರಿಯನ್ನರು ಬಹುಮಟ್ಟಿಗೆ ರಷ್ಯಾದ ಇತಿಹಾಸಕಾರರಿಗೆ ಬಿಟ್ಟಿದ್ದಾರೆ. ಅರಮನೆಯ ಆ ನಸುಕಿನ ವಿಷಯ ಬಂದಾಗ ಮಾತ್ರ ಇಂದಿಗೂ ರಷ್ಯಾದ ಪರವಾದವರು ಒಂದು ಕಡೆ, ವಿರೋಧಿಗಳು ಒಂದು ಕಡೆ ಎಂದು ಮಾತು ಕವಲೊಡೆಯುತ್ತದೆ.